‘ತಾನೇ ರೋಜರ್ ಎಂದ’: ಒಂದು ಕನ್ನಡ ವಾಕ್ಯಕ್ಕೆ ಇಂಗ್ಲಿಷ್ ಕ್ರಿಯಾಪದ ಹುಡುಕಿದ ಪ್ರಕರಣ

ಕಾನೂನು ಓದುತ್ತಿರುವ ಒಬ್ಬ ವಿದ್ಯಾರ್ಥಿನಿ ತನ್ನ ಕಾಲೇಜಿನ ಪತ್ರಿಕೆಗಾಗಿ ಇಂಗ್ಲಿಷಿನಲ್ಲಿ ಒಂದು ಲೇಖನ ಬರೆದಿದ್ದಳು. ವಿಷಯ, ಇಂಗ್ಲೆಂಡಿನ ಪ್ರಸಿದ್ಧ ಟಿಚ್‌ಬೋರ್ನ್ ಮೊಕದ್ದಮೆ. ಓದಿ ತಿದ್ದಿಕೊಡಿ ಅಂತ ನನಗೆ ಕಳಿಸಿದಳು. ಬರಹ ಚೆನ್ನಾಗಿತ್ತು, ಶ್ರಮಪಟ್ಟು ಮಾಹಿತಿ ಕಲೆಹಾಕಿದ್ದಳು. ಆದರೆ ಮೊದಲ ವಾಕ್ಯದಿಂದ ಕೊನೆಯ ವಾಕ್ಯದವರೆಗೂ ಒಂದೇ ಕ್ರಿಯಾಪದ: ಪ್ರಿಟೆಂಡ್. ಆ ಮನುಷ್ಯ ಸಿಡ್ನಿಯಲ್ಲಿ ಪ್ರಿಟೆಂಡ್ ಮಾಡಿದ, ಪ್ಯಾರಿಸ್ಸಿನಲ್ಲಿ ಪ್ರಿಟೆಂಡ್ ಮಾಡಿದ, ಕೋರ್ಟಿನಲ್ಲೂ ಪ್ರಿಟೆಂಡ್ ಮಾಡಿದ. ಎಲ್ಲಾದರೂ ಬೇರೆ ಪದ ಕಂಡರೆ ಅದು ಕ್ಲೈಮ್. ಯಾಕೆ ಇಲ್ಲಿ ಬೇರೆ ಪದ ಹಾಕಿದೆ ಅಂತ ಕೇಳಿದೆ. ಒಂದೇ ಪದ ಜಾಸ್ತಿ ಸಲ ಬರಬಾರದು ಅಂತ ಹೇಳಿಕೊಟ್ಟಿದ್ದಾರೆ, ಅದಕ್ಕೆ ಅಂದಳು.

ಈ ಬಗೆಯ ಪದಗಳನ್ನು ರುಚಿ ಬದಲಾಯಿಸಲು ಅದಲುಬದಲು ಮಾಡುವ ಹಾಗಿಲ್ಲ. ಒಬ್ಬ ಮನುಷ್ಯ ತನ್ನ ಬಗ್ಗೆ ಏನೋ ಹೇಳುತ್ತಾನೆ. ಅದನ್ನು ವರದಿ ಮಾಡುವವರು ಹಾಕುವ ಕ್ರಿಯಾಪದ, ಅವರು ಅವನನ್ನು ನಂಬಿದ್ದಾರೋ ಇಲ್ಲವೋ ಅನ್ನುವುದನ್ನು ಓದುಗರಿಗೆ ದಾಟಿಸಿಬಿಡುತ್ತದೆ. ಟಿಚ್‌ಬೋರ್ನ್ ಪ್ರಕರಣದಲ್ಲಂತೂ ಇಡೀ ಜಗಳ ಇದ್ದದ್ದೇ ಆ ಒಂದು ಮಾತಿನ ಮೇಲೆ. ಆ ಲೇಖನವನ್ನು ನಾವಿಬ್ಬರೂ ಕೂತು ಹೇಗೆ ತಿದ್ದಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಥೆ. ರೋಜರ್ ಚಾರ್ಲ್ಸ್ ಟಿಚ್‌ಬೋರ್ನ್ ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಹಳೆಯ ಕ್ಯಾಥೊಲಿಕ್ ಶ್ರೀಮಂತ ಮನೆತನದವನು. ಹುಟ್ಟಿದ್ದು 1829ರ ಜನವರಿ 5ರಂದು, ಪ್ಯಾರಿಸ್ಸಿನಲ್ಲಿ. ತಾಯಿ ಹೆನ್ರಿಯೆಟ್ ಫೆಲಿಸಿತೆ ಫ್ರಾನ್ಸಿನಲ್ಲೇ ಬೆಳೆದವರು. ಮಗನನ್ನೂ ಅಲ್ಲೇ ಬೆಳೆಸಿದರು. ಹಾಗಾಗಿ ರೋಜರ್‌ಗೆ ಫ್ರೆಂಚ್ ಮನೆಮಾತು, ಇಂಗ್ಲಿಷ್ ಆಮೇಲೆ ಬಂದದ್ದು. ಹದಿನಾರರ ವಯಸ್ಸಿಗೆ ಇಂಗ್ಲೆಂಡಿನ ಸ್ಟೋನಿಹರ್ಸ್ಟ್ ಕಾಲೇಜು ಸೇರಿದ, ನಂತರ ಸೈನ್ಯ. ದೊಡ್ಡಪ್ಪನ ಮಗಳು ಕ್ಯಾಥರೀನ್ ಮೇಲೆ ಪ್ರೀತಿ. ಮನೆಯವರು ಒಪ್ಪಲಿಲ್ಲ. 1853ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೊರಟುಹೋದ. 1854ರ ಏಪ್ರಿಲ್‌ನಲ್ಲಿ ರಿಯೊದಿಂದ ಜಮೈಕಾ ಕಡೆಗೆ ಹೊರಟ ಬೆಲ್ಲಾ ಅನ್ನುವ ಹಡಗು ಹತ್ತಿದ. ಹಡಗು ಮುಳುಗಿತು. ಮಗುಚಿಬಿದ್ದ ಅದರ ದೋಣಿ ಸಿಕ್ಕಿತು, ಜನ ಸಿಗಲಿಲ್ಲ.

ತಾಯಿ ಮಾತ್ರ ಮಗ ಸತ್ತ ಅಂತ ಒಪ್ಪಲಿಲ್ಲ. ಪತ್ರಿಕೆಗಳಿಗೆ ಜಾಹೀರಾತು ಕೊಟ್ಟರು, 1865ರಲ್ಲಿ ಆಸ್ಟ್ರೇಲಿಯಾದ ಪತ್ರಿಕೆಗಳಿಗೂ. ಅಲ್ಲಿನ ವಾಗಾ ವಾಗಾ ಊರಿನಲ್ಲಿ ಟಾಮ್ ಕ್ಯಾಸ್ಟ್ರೋ ಅನ್ನುವ ಒಬ್ಬ ಮಾಂಸದಂಗಡಿಯವನು ಸಾಲದಲ್ಲಿ ಮುಳುಗಿ ಗಿಬ್ಸ್ ಅನ್ನುವ ವಕೀಲರ ಹತ್ತಿರ ಬಂದಿದ್ದ. ಮಾತಿನ ನಡುವೆ ಹಡಗು ಮುಳುಗಿದ್ದು, ಇಂಗ್ಲೆಂಡಿನಲ್ಲಿರುವ ಆಸ್ತಿ ಎಲ್ಲ ಬಂತು. ಅವನ ಪೈಪಿನ ಮೇಲೆ ಆರ್, ಸಿ, ಟಿ ಅಂತ ಅಕ್ಷರ ಕೊರೆದಿತ್ತು. ನೀನೇ ಆ ಕಳೆದುಹೋದ ರೋಜರ್ ಅಲ್ವಾ ಅಂತ ವಕೀಲರು ಕೇಳಿದರು. ಅವನು ಹೌದು ಅಂದ.

ಈಗ ನಮ್ಮ ಕಷ್ಟ ಇಲ್ಲಿಂದಲೇ ಶುರು. ಈ ‘ಅಂದ’ಕ್ಕೆ ಯಾವ ಕ್ರಿಯಾಪದ?

ಕನ್ನಡದಲ್ಲಿ ನಮಗೆ ‘ಹೇಳಿಕೊಂಡ’ ಇದೆ. ಅದು ದೊಡ್ಡ ಅನುಕೂಲ. ಆ ‘ಕೊಂಡ’ ಬಂದ ಕೂಡಲೇ, ಇದು ಅವನೇ ತನ್ನ ಬಗ್ಗೆ ಹೇಳಿದ ಮಾತು, ನಾನು ಹೊಣೆಯಲ್ಲ ಅನ್ನುವುದು ಕೇಳುಗರಿಗೆ ತಿಳಿಯುತ್ತದೆ. ಮಾತು ನಿಜ ಇರಬಹುದು, ಸುಳ್ಳೂ ಇರಬಹುದು. ಅದು ಸಾಲದಿದ್ದರೆ ‘ಅಂತೆ’ ಇದೆ. ಪತ್ರಿಕೆಯವರಿಗೆ ‘ಎನ್ನಲಾದ’ ಇದೆ. ಸುಳ್ಳು ಅಂತ ಖಾತ್ರಿಯಾದ ಮೇಲೆ ‘ಸೋಗು ಹಾಕಿದ’, ‘ನಾಟಕ ಆಡಿದ’. ಈ ಮೆಟ್ಟಿಲುಗಳು ನಮಗೆ ಬಾಯಲ್ಲೇ ಬರುತ್ತವೆ, ಯಾರೂ ಕಲಿಸಬೇಕಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಅದೇ ಮೆಟ್ಟಿಲುಗಳು ಬೇರೆ ಬೇರೆ ಕ್ರಿಯಾಪದಗಳಲ್ಲಿ ಹಂಚಿಹೋಗಿವೆ, ಹುಡುಕಿ ಇಡಬೇಕು.

ಪ್ರಿಟೆಂಡ್ ಅಂದರೆ ನಮ್ಮ ‘ನಾಟಕ ಆಡಿದ’. ‘ಹಿ ಪ್ರಿಟೆಂಡೆಡ್ ಟು ಬಿ ರೋಜರ್’ ಅಂತ ಬರೆದರೆ, ಅವನು ರೋಜರ್ ಅಲ್ಲ, ತಾನು ಅಲ್ಲ ಅನ್ನುವುದೂ ಅವನಿಗೆ ಗೊತ್ತು, ಗೊತ್ತಿದ್ದೂ ಹಾಗೆ ನಡೆದುಕೊಂಡ ಅಂತ ಅರ್ಥ. ಒಂದು ಪದದಲ್ಲಿ ಮೂರು ತೀರ್ಪು. 1866ರ ವಾಗಾ ವಾಗಾದಲ್ಲಿ ಈ ಮೂರರಲ್ಲಿ ಒಂದೂ ತೀರ್ಮಾನ ಆಗಿರಲಿಲ್ಲ. ಲೇಖನದ ಎರಡನೇ ಪ್ಯಾರಾದಲ್ಲೇ ಹಾಗೆ ಬರೆದುಬಿಟ್ಟರೆ, ಮುಂದೆ 102 ದಿನ, ಆಮೇಲೆ 188 ದಿನ ನಡೆದ ಎರಡು ವಿಚಾರಣೆಗಳನ್ನು ಓದುಗರು ಯಾಕೆ ಓದಬೇಕು? ತೀರ್ಪು ಮೊದಲೇ ಬಂದಾಯಿತಲ್ಲ.

ಅಲ್ಲಿಗೆ ಕ್ಲೈಮ್ ಹಾಕಿದೆವು. ‘ಹಿ ಕ್ಲೈಮ್ಡ್ ಟು ಬಿ ಸರ್ ರೋಜರ್ ಟಿಚ್‌ಬೋರ್ನ್.’ ಕ್ಲೈಮ್ ಮಾಡಿದ ಮಾತಿಗೆ ಪುರಾವೆ ಬೇಕು, ಅದು ಇನ್ನೂ ಬಂದಿಲ್ಲ ಅನ್ನುವುದು ಆ ಪದದಲ್ಲೇ ಇದೆ. ಜೊತೆಗೆ ಹಕ್ಕು ಕೇಳುವ ದನಿಯೂ ಇದೆ, ಮತ್ತು ಇಲ್ಲಿ ನಿಜವಾಗಿಯೂ ಪದವಿ ಮತ್ತು ಆಸ್ತಿಯ ಹಕ್ಕು ಕೇಳಲಾಗಿತ್ತು. ಅಂದಿನ ಇಂಗ್ಲೆಂಡಿನ ಜನಕ್ಕೂ ಇದೇ ಪದ ಒಗ್ಗಿತು. ರೋಜರ್ ಅನ್ನುವಂತಿಲ್ಲ, ಕ್ಯಾಸ್ಟ್ರೋ ಅಂದರೆ ಒಂದು ಪಕ್ಷಕ್ಕೆ ಕೋಪ, ಆರ್ಟನ್ (ಇದೇ ಇವನ ನಿಜವಾದ ಹೆಸರು ಅಂತ ಎದುರು ಪಕ್ಷ ಹೇಳುತ್ತಿತ್ತು) ಅಂದರೆ ಇನ್ನೂ ಜಾಸ್ತಿ ಕೋಪ. ಅದಕ್ಕೇ ಅವನನ್ನು ಎಲ್ಲರೂ ‘ದಿ ಕ್ಲೈಮೆಂಟ್’ ಅಂತ ಕರೆದರು. ಇಂದಿಗೂ ಆ ಪ್ರಕರಣದ ಬಗ್ಗೆ ಬರೆಯುವವರು ಹಾಗೆಯೇ ಬರೆಯುತ್ತಾರೆ. (ಇಂಗ್ಲೆಂಡಿನ ಸಿವಿಲ್ ಕೋರ್ಟುಗಳಲ್ಲಿ 1999ರಿಂದ ವಾದಿಗೆ ಅಧಿಕೃತ ಹೆಸರೇ ಕ್ಲೈಮೆಂಟ್. ಟಿಚ್‌ಬೋರ್ನ್ ಕಾಲದಲ್ಲಿ ಪ್ಲೇಂಟಿಫ್ ಅನ್ನುತ್ತಿದ್ದರು.)

ಹುಡುಗಿ ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಎತ್ತಿದಳು. ಇಂಗ್ಲೆಂಡಿನ ಇತಿಹಾಸದಲ್ಲಿ ಜೇಮ್ಸ್ ಫ್ರಾನ್ಸಿಸ್ ಎಡ್ವರ್ಡ್ ಸ್ಟುವರ್ಟ್‌ನನ್ನು ‘ಓಲ್ಡ್ ಪ್ರಿಟೆಂಡರ್’ ಅನ್ನುತ್ತಾರೆ. ಅವನು ಎರಡನೇ ಜೇಮ್ಸ್ ರಾಜನ ಮಗನೇ ಹೌದಲ್ಲ, ಸೋಗು ಎಲ್ಲಿ ಬಂತು? ನಿಜ. ಅಲ್ಲಿ ಪ್ರಿಟೆಂಡ್ ಅಂದರೆ ಹಕ್ಕು ಮುಂದಿಡು ಅಂತ. ಪದ ಫ್ರೆಂಚಿನಿಂದ ಬಂದದ್ದು, ಫ್ರೆಂಚಿನಲ್ಲಿ ಇವತ್ತಿಗೂ ಅದರ ಮುಖ್ಯ ಅರ್ಥ ಅದೇ. ಇಂಗ್ಲಿಷಿನಲ್ಲಿ ಆ ಹಳೆಯ ಅರ್ಥ ‘ಐ ಡೋಂಟ್ ಪ್ರಿಟೆಂಡ್ ಟು ಬಿ ಆನ್ ಎಕ್ಸ್‌ಪರ್ಟ್’ ಅನ್ನುವಂಥ ಮಾತುಗಳಲ್ಲಿ ಉಳಿದಿದೆ. ನಾನು ತಜ್ಞ ಅಂತ ಹೇಳಿಕೊಳ್ಳುವುದಿಲ್ಲ ಅಂತ ಅರ್ಥ, ನಾಟಕದ ಮಾತಿಲ್ಲ. ಆದರೆ ಇಂದಿನ ಓದುಗರು ‘ಪ್ರಿಟೆಂಡೆಡ್ ಟು ಬಿ’ ಓದಿದರೆ ಹಳೆಯ ಅರ್ಥ ಅವರ ತಲೆಗೆ ಬರುವುದಿಲ್ಲ. ಹಳೆಯ ಪುಸ್ತಕದಿಂದ ಸಾಲು ಎತ್ತುವಾಗ ಹುಷಾರಾಗಿರಬೇಕು, ಅಷ್ಟೇ.

ಮುಂದಿನ ಮೆಟ್ಟಿಲು, ಅವನು ಆಸ್ಟ್ರೇಲಿಯಾದಲ್ಲಿ ಬರೆಸಿದ ಉಯಿಲು. ಅದರಲ್ಲಿ ತಾಯಿಯ ಹೆಸರು ‘ಲೇಡಿ ಹನ್ನಾ ಫ್ರಾನ್ಸಿಸ್’ ಅಂತ ಇದೆ. ತಾಯಿಯ ನಿಜವಾದ ಹೆಸರು ಹೆನ್ರಿಯೆಟ್ ಫೆಲಿಸಿತೆ. ಡ್ರಾಫ್ಟಿನಲ್ಲಿ ‘ದಿ ವಿಲ್ ಪ್ರಿಟೆಂಡೆಡ್’ ಅಂತ ಇತ್ತು. ಕಾಗದ ಹೇಗೆ ನಾಟಕ ಆಡುತ್ತದೆ? ಕಾಗದಕ್ಕೆ ಇಂಗ್ಲಿಷಿನಲ್ಲಿ ಪರ್ಪೋರ್ಟ್ ಅನ್ನುವ ಪದ ಇದೆ. ‘ಎ ವಿಲ್ ಪರ್ಪೋರ್ಟಿಂಗ್ ಟು ಬಿ ದಟ್ ಆಫ್ ಸರ್ ರೋಜರ್.’ ಮೇಲ್ನೋಟಕ್ಕೆ ಇಂಥವರದ್ದು ಅಂತ ತೋರಿಸಿಕೊಳ್ಳುವ ಪತ್ರ, ದಾಖಲೆ, ಫೋಟೋ, ರಸೀದಿ, ಇವಕ್ಕೆಲ್ಲ ಇದೇ ಸರಿ. ಮನುಷ್ಯರಿಗೂ ಬಳಸುವವರು ಇದ್ದಾರೆ, ತಪ್ಪೇನಲ್ಲ. ಆದರೆ ದಾಖಲೆಯ ಪಕ್ಕದಲ್ಲಿ ಅದು ಕೂತಷ್ಟು ಚೆನ್ನಾಗಿ ಮನುಷ್ಯನ ಪಕ್ಕ ಕೂರುವುದಿಲ್ಲ.

ಈಗ ಪ್ಯಾರಿಸ್. ನಾವು ಅತಿ ಹೆಚ್ಚು ಹೊತ್ತು ಕಳೆದದ್ದು ಈ ಪ್ಯಾರಾದ ಮೇಲೆ.

ಅವನು ಲಂಡನ್ ತಲುಪಿದ್ದು 1866ರ ಕ್ರಿಸ್‌ಮಸ್ ದಿನ. ತಾಯಿಯನ್ನು ನೋಡಲು ಪ್ಯಾರಿಸ್ಸಿಗೆ ಹೋದ. 1867ರ ಜನವರಿ 11ರಂದು ಹೋಟೆಲ್ ರೂಮಿನಲ್ಲಿ ಭೇಟಿ. ರೂಮು ಮಬ್ಬು. ಅವನು ಹುಷಾರಿಲ್ಲ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಆಕೆ ಬಂದು ನೋಡಿದರು, ಇವನೇ ನನ್ನ ಮಗ ಅಂದರು. ವರ್ಷಕ್ಕೆ 1,000 ಪೌಂಡ್ ಖರ್ಚಿಗೆ ಕೊಡಲು ಒಪ್ಪಿದರು.

ಡ್ರಾಫ್ಟಿನ ಸಾಲು ಹೀಗಿತ್ತು: ‘ಹಿ ಫೇನ್ಡ್ ಇಲ್‌ನೆಸ್ ಅಂಡ್ ಹಿಸ್ ಮದರ್ ರೆಕಗ್ನೈಸ್ಡ್ ಹಿಮ್.’ ಎಂಟು ಪದದ ಸಾಲು. ಅದರಲ್ಲಿ ಕಾಯಿಲೆ ಸುಳ್ಳು ಅಂತ ಒಂದು ತೀರ್ಪು, ಅವನು ನಿಜವಾದ ಮಗ ಅಂತ ಇನ್ನೊಂದು ತೀರ್ಪು. ಎರಡೂ ಒಟ್ಟಿಗೆ ನಿಲ್ಲುವುದು ಕಷ್ಟ.

ಫೇನ್ ಅಂದರೆ ಇಲ್ಲದ್ದನ್ನು ಇದೆ ಅಂತ ತೋರಿಸು. ಕಾಯಿಲೆ, ನಿದ್ದೆ, ಅಚ್ಚರಿ, ಏನೂ ಗೊತ್ತಿಲ್ಲದ ಭಾವ, ಇಂಥವಕ್ಕೆ ಅದು ಹೇಳಿ ಮಾಡಿಸಿದ ಪದ. ಅದರ ನಂತರ ನೇರವಾಗಿ ಒಂದು ನಾಮಪದ ಬರುತ್ತದೆ. ಆದರೆ ಅವತ್ತು ಅವನಿಗೆ ಜ್ವರ ಇತ್ತೋ ಇಲ್ಲವೋ ಯಾರು ಹೇಳಬೇಕು? ಮುಖ ತಪ್ಪಿಸಲು ಮಲಗಿದ್ದ ಅಂತ ನಮಗೆ ಅನುಮಾನ ಬರುವುದು ಸಹಜ, ನನಗೂ ಬರುತ್ತದೆ. ಅನುಮಾನವನ್ನು ಕ್ರಿಯಾಪದದೊಳಗೆ ಕದ್ದು ತುರುಕಬಾರದು. ಅಲ್ಲಿಗೆ ‘ಪ್ಲೀಡೆಡ್ ಇಲ್‌ನೆಸ್’ ಬರೆದೆವು. ಕಾಯಿಲೆಯನ್ನು ಕಾರಣವಾಗಿ ಮುಂದಿಟ್ಟ ಅಂತಷ್ಟೇ ಅರ್ಥ. ಮಬ್ಬು ರೂಮು ಮತ್ತು ಗೋಡೆ ಕಡೆ ತಿರುಗಿದ ಮುಖವನ್ನು ಪಕ್ಕದಲ್ಲೇ ಇಟ್ಟೆವು. ಓದುಗರು ಏನು ಅಂದುಕೊಳ್ಳಬೇಕೋ ಅಂದುಕೊಳ್ಳಲಿ.

ರೆಕಗ್ನೈಸ್ ಇನ್ನೂ ಅಪಾಯ, ಯಾಕೆಂದರೆ ಅದು ಅಪಾಯ ಅಂತ ಕಾಣುವುದೇ ಇಲ್ಲ. ನಾವೆಲ್ಲ ಕ್ಲೈಮ್, ಪ್ರಿಟೆಂಡ್ ಮೇಲೆ ಕಣ್ಣಿಟ್ಟಿರುತ್ತೇವೆ. ಈ ಪದ ಪಕ್ಕದ ಬಾಗಿಲಿನಿಂದ ನುಗ್ಗುತ್ತದೆ. ತಾಯಿ ಮಗನನ್ನು ಗುರುತಿಸಿದರು ಅಂದರೆ ಅಲ್ಲಿ ಗುರುತಿಸಲು ಮಗ ಇರಬೇಕು. ‘ಹಿಸ್ ಮದರ್’ ಅಂದರೂ ಅಷ್ಟೇ. ಇಷ್ಟು ಹೊತ್ತು ಪ್ರಿಟೆಂಡ್ ಅಂತ ಅವನನ್ನು ಬೈದ ಲೇಖನ, ಇಲ್ಲಿ ಒಂದೇ ಏಟಿಗೆ ಅವನಿಗೆ ಆಸ್ತಿ ಬರೆದುಕೊಟ್ಟಿತ್ತು. ಸರಿಯಾದ ಮಾತು ‘ಲೇಡಿ ಟಿಚ್‌ಬೋರ್ನ್ ಆಕ್ಸೆಪ್ಟೆಡ್ ಹಿಮ್ ಆಸ್ ಹರ್ ಸನ್’. ಆಕೆ ಒಪ್ಪಿಕೊಂಡರು. ಆ ಒಪ್ಪಿಗೆ ಸಂಪೂರ್ಣ ಪ್ರಾಮಾಣಿಕ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಹನ್ನೆರಡು ವರ್ಷ ದಾರಿ ನೋಡಿದ ತಾಯಿ. 1868ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೂ ಮಾತು ಬದಲಿಸಲಿಲ್ಲ. ಆಕೆಯ ಬಗ್ಗೆ ಬರೆಯುವಾಗ ಕ್ಲೈಮ್ ಕೂಡ ಬೇಡ ಅಂದೆ. ‘ಡಿಕ್ಲೇರ್ಡ್’ ಆಗಬಹುದು. ಇವನು ನನ್ನ ಮಗ ಅಂತ ಹೇಳುವ ಸ್ಥಾನ ತಾಯಿಗೆ ಇದೆಯಲ್ಲ.

ಡಿಕ್ಲೇರ್ ಅನ್ನುವ ಪದಕ್ಕೆ ಆ ಸ್ಥಾನ ಬೇಕು. ನ್ಯಾಯಾಧೀಶರು, ಸರ್ಕಾರ, ಚುನಾವಣಾ ಅಧಿಕಾರಿ ಡಿಕ್ಲೇರ್ ಮಾಡಿದರೆ ಮಾತೇ ಕೆಲಸ ಆಗುತ್ತದೆ, ಹೇಳಿದ ಗಳಿಗೆಯಿಂದ ಅದು ಜಾರಿ. ಸ್ಥಾನ ಇಲ್ಲದವರು ಡಿಕ್ಲೇರ್ ಮಾಡಿದರೆ ಅದು ಬರೀ ಗಟ್ಟಿ ದನಿ. ಡ್ರಾಫ್ಟಿನಲ್ಲಿ ‘ಹಿ ಡಿಕ್ಲೇರ್ಡ್ ಟು ಬಿ ಸರ್ ರೋಜರ್’ ಅಂತಲೂ ಒಂದು ಸಾಲಿತ್ತು. ಅದು ವ್ಯಾಕರಣದಲ್ಲೇ ನಿಲ್ಲುವುದಿಲ್ಲ. ಕ್ಲೈಮ್, ಪ್ರೊಫೆಸ್, ಪ್ರಿಟೆಂಡ್, ಪರ್ಪೋರ್ಟ್, ಈ ನಾಲ್ಕರ ನಂತರ ‘ಟು ಬಿ’ ನೇರವಾಗಿ ಬರುತ್ತದೆ. ಡಿಕ್ಲೇರ್‌ಗೆ ನಡುವೆ ‘ಹಿಮ್‌ಸೆಲ್ಫ್’ ಬೇಕು. ಅಸರ್ಟ್, ಅಲೆಜ್, ಮೇಂಟೇನ್ ಬಂದರೆ ‘ದಟ್’ ಹಾಕಿ ಪೂರ್ತಿ ವಾಕ್ಯ ಬರೆಯಬೇಕು. ನಮ್ಮಲ್ಲಿ ಎಲ್ಲಕ್ಕೂ ‘ಎಂದು’ ಸಾಕಾಗುವುದರಿಂದ ಇದು ಕನ್ನಡದವರ ಕೈಯಲ್ಲಿ ತುಂಬಾ ತಪ್ಪುತ್ತದೆ. ‘ಹಿ ಅಲೆಜ್ಡ್ ಟು ಬಿ’ ಅಂತ ಬರೆದವರನ್ನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ಫ್ರೆಂಚ್ ವಿಚಾರ. ರೋಜರ್‌ನ ಮನೆಮಾತು ಫ್ರೆಂಚ್. ಈ ಮನುಷ್ಯನಿಗೆ ಫ್ರೆಂಚ್ ಬರುತ್ತಿರಲಿಲ್ಲ. ಮರೆತುಹೋಯಿತು ಅಂದ. ಇಲ್ಲಿ ಕ್ಲೈಮ್ ಬದಲು ಪ್ರೊಫೆಸ್ ಹಾಕಿದೆವು: ‘ಹಿ ಪ್ರೊಫೆಸ್ಡ್ ಟು ಹ್ಯಾವ್ ಫರ್ಗಾಟನ್ ಹಿಸ್ ಫ್ರೆಂಚ್.’ ಮರೆವು, ನಂಬಿಕೆ, ಪ್ರೀತಿ, ಅಜ್ಞಾನ, ಇವು ಒಳಗಿನ ಸಂಗತಿಗಳು. ಹೊರಗಿನವರು ಒಳಹೊಕ್ಕು ನೋಡಲಾಗದು. ಅವುಗಳನ್ನು ಬಾಯಿಬಿಟ್ಟು ಹೇಳಿಕೊಳ್ಳುವುದಕ್ಕೆ ಪ್ರೊಫೆಸ್ ಒಪ್ಪುತ್ತದೆ. ಧರ್ಮದ ವಿಷಯದಲ್ಲಿ ಬಂದರೆ ಅದು ಗೌರವದ ಪದ, ಯಾವ ಅನುಮಾನವೂ ಇಲ್ಲ. ಹೀಗೆ ಮರೆವಿನ ಪಕ್ಕ ಬಂದರೆ ತೆಳ್ಳಗೆ ಒಂದು ಅನುಮಾನ ಹರಡುತ್ತದೆ. ನಮಗೆ ಬೇಕಾದದ್ದೂ ಅಷ್ಟೇ. ಆದರೆ ‘ಹಿಸ್ ಫ್ರೆಂಚ್’ ಉಳಿಸಬೇಕೇ? ‘ಹಿಸ್’ ಅಂದರೆ ಅವನಿಗೆ ಒಮ್ಮೆ ಬರುತ್ತಿತ್ತು ಅಂತ ಆಗುತ್ತದೆ ಅಂದಳು ಹುಡುಗಿ. ಸರಿ ಅನ್ನಿಸಿತು, ‘ದಿ ಲ್ಯಾಂಗ್ವೇಜ್’ ಅಂತ ಮಾಡಿದೆವು. ಅಷ್ಟು ಹೊತ್ತಿಗೆ ಅವಳ ಕಣ್ಣು ನನ್ನ ಕಣ್ಣಿಗಿಂತ ಚುರುಕಾಗಿತ್ತು.

ಸಿವಿಲ್ ಮೊಕದ್ದಮೆ ಶುರುವಾದದ್ದು 1871ರ ಮೇ ತಿಂಗಳಲ್ಲಿ, ಮುಖ್ಯ ನ್ಯಾಯಮೂರ್ತಿ ವಿಲಿಯಂ ಬೋವಿಲ್ ಎದುರು. ಮನೆತನದ ಪರ ವಕೀಲ ಜಾನ್ ಡ್ಯೂಕ್ ಕೋಲ್‌ರಿಜ್. ಈ ಭಾಗದಲ್ಲಿ ನನ್ನನ್ನು ನಿಜವಾಗಿ ಕಾಡಿದ್ದು ಸಾಕ್ಷಿಗಳ ಬಗ್ಗೆ ಬರೆದ ಎರಡು ಸಾಲು.

ಲಾರ್ಡ್ ಬೆಲ್ಯೂ ಸ್ಟೋನಿಹರ್ಸ್ಟ್‌ನಲ್ಲಿ ರೋಜರ್ ಜೊತೆ ಓದಿದವರು. ರೋಜರ್ ತೋಳಿನಲ್ಲಿ ಹಚ್ಚೆ ಇತ್ತು, ಹೆಸರಿನ ಮೊದಲಕ್ಷರಗಳನ್ನು ಚುಚ್ಚಿದ್ದು ನಾನೇ ಅಂತ ಸಾಕ್ಷಿ ಹೇಳಿದರು. ಕ್ಲೈಮೆಂಟ್ ತೋಳಿನಲ್ಲಿ ಹಚ್ಚೆ ಇರಲಿಲ್ಲ. ಮೊಕದ್ದಮೆ ಕುಸಿದದ್ದು ಇಲ್ಲಿ. ಇನ್ನೊಬ್ಬ ಸಾಕ್ಷಿ ಆಂಡ್ರ್ಯೂ ಬೋಗಲ್. ಜಮೈಕಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದವರು. ರೋಜರ್‌ನ ದೊಡ್ಡಪ್ಪ ಸರ್ ಎಡ್ವರ್ಡ್ ಅವರ ಸೇವಕರಾಗಿ ಬಹಳ ವರ್ಷ ಇದ್ದವರು, ರೋಜರ್‌ನನ್ನು ಹತ್ತಿರದಿಂದ ಕಂಡವರು. ಮುದಿತನದಲ್ಲಿ ಸಿಡ್ನಿಯಲ್ಲಿದ್ದರು. ಅಲ್ಲಿ ಈ ಮನುಷ್ಯನನ್ನು ಕಂಡು ಇವನೇ ರೋಜರ್ ಅಂದರು. ಜೊತೆಗೆ ಇಂಗ್ಲೆಂಡಿಗೆ ಬಂದರು, ಎರಡೂ ವಿಚಾರಣೆಗಳಲ್ಲಿ ಅದನ್ನೇ ಹೇಳಿದರು.

ಡ್ರಾಫ್ಟಿನಲ್ಲಿ ‘ಲಾರ್ಡ್ ಬೆಲ್ಯೂ ಸ್ಟೇಟೆಡ್’. ಮುಂದಿನ ಸಾಲಿನಲ್ಲೇ ‘ಬೋಗಲ್ ಕ್ಲೈಮ್ಡ್’.

ಇಬ್ಬರೂ ಅದೇ ಕೋರ್ಟಿನಲ್ಲಿ ಅದೇ ಪ್ರಮಾಣ ಮಾಡಿ ಮಾತಾಡಿದವರು. ಒಬ್ಬರಿಗೆ ಅನುಮಾನವೇ ಇಲ್ಲದ ಕ್ರಿಯಾಪದ, ಇನ್ನೊಬ್ಬರಿಗೆ ಅನುಮಾನದ್ದು. ಲಾರ್ಡ್‌ಗೆ ಒಂದು, ಗುಲಾಮರಾಗಿದ್ದ ಕರಿಯ ಮುದುಕನಿಗೆ ಇನ್ನೊಂದು. ಹುಡುಗಿ ಬೇಕಂತ ಮಾಡಿದ್ದಲ್ಲ. ಬೆಲ್ಯೂ ಹೇಳಿದ್ದು ನಿಜ, ಬೋಗಲ್ ಹೇಳಿದ್ದು ತಪ್ಪು ಅಂತ ಕೊನೆಗೆ ತೀರ್ಮಾನ ಆಯಿತಲ್ಲ, ಅದಕ್ಕೆ ಹಾಗೆ ಬಂತು ಅಂದಳು. ಆದರೆ ತಪ್ಪಾಗಿ ಗುರುತು ಹಿಡಿಯುವುದು ಬೇರೆ, ಸುಳ್ಳು ಹೇಳುವುದು ಬೇರೆ. ಬೋಗಲ್ ಸುಳ್ಳು ಹೇಳಿದರು ಅಂತ ಯಾವ ಜ್ಯೂರಿಯೂ ತೀರ್ಮಾನಿಸಿರಲಿಲ್ಲ. ಇಬ್ಬರಿಗೂ ‘ಟೆಸ್ಟಿಫೈಡ್’ (ಸಾಕ್ಷಿ ಹೇಳಿದರು) ಹಾಕಿದೆವು. ಬೋಗಲ್ ಎರಡನೇ ವಿಚಾರಣೆಯಲ್ಲೂ ಪಟ್ಟು ಸಡಿಲಿಸದ ಜಾಗದಲ್ಲಿ ‘ಮೇಂಟೇನ್ಡ್’. ಎದುರಿನವರು ಎಷ್ಟು ಜಗ್ಗಿದರೂ ತನ್ನ ಮಾತಿನಲ್ಲಿ ನಿಲ್ಲುವವರಿಗೆ ಅದು ಹೊಂದುತ್ತದೆ, ಅದರಲ್ಲಿ ಕೊಂಕಿಲ್ಲ. ನಮ್ಮ ಕನ್ನಡ ಪತ್ರಿಕೆಗಳಲ್ಲೂ ಇದನ್ನು ಗಮನಿಸಿ ನೋಡಿ. ಅಧಿಕಾರಿಗಳು ‘ತಿಳಿಸಿದ್ದಾರೆ’, ಸಂತ್ರಸ್ತರು ‘ಆರೋಪಿಸಿದ್ದಾರೆ’. ಎಷ್ಟು ಸಲ ಅದು ಬರೀ ಅಭ್ಯಾಸಬಲದಿಂದ ಬರುತ್ತದೆ!

ನಿಜವಾಗಿ ಸುಳ್ಳು ಹೇಳಿದ ಸಾಕ್ಷಿಯೂ ಇದ್ದ. ಎರಡನೇ ವಿಚಾರಣೆಯಲ್ಲಿ ಜೀನ್ ಲೂಯಿ ಅನ್ನುವ ನಾವಿಕ ಬಂದು, ಬೆಲ್ಲಾದಿಂದ ಬದುಕಿದವರನ್ನು ನಮ್ಮ ಓಸ್ಪ್ರೆ ಹಡಗು ಎತ್ತಿಕೊಂಡಿತ್ತು ಅಂದ. ಕಥೆ ಸುಳ್ಳು ಅಂತ ಬಯಲಾಗಿ ಅವನಿಗೇ 7 ವರ್ಷ ಶಿಕ್ಷೆ ಆಯಿತು. ಅವನಿಗೆ ‘ಫಾಲ್ಸ್‌ಲಿ ಸ್ವೋರ್’ ಅಂತ ಯಾವ ಅಳುಕೂ ಇಲ್ಲದೆ ಬರೆದೆವು. ಇಲ್ಲೂ ಪ್ರಿಟೆಂಡ್ ಒಪ್ಪುವುದಿಲ್ಲ. ಅದು ಹಗುರ ಪದ. ಮಕ್ಕಳು ಆಟದಲ್ಲಿ ರಾಜ ಆಗುವುದಕ್ಕೂ ಅದೇ ಪದ. ಪ್ರಮಾಣ ಮಾಡಿ ಕೋರ್ಟಿನಲ್ಲಿ ಸುಳ್ಳು ಹೇಳಿದ್ದಕ್ಕೆ ಆ ಭಾರ ತೂಗುವ ಪದವೇ ಬೇಕು.

ಮೊದಲ ಮೊಕದ್ದಮೆ 1872ರ ಮಾರ್ಚ್ 6ರಂದು ನಿಂತುಹೋಯಿತು. ಜ್ಯೂರಿ ನಮಗೆ ಇನ್ನು ಸಾಕ್ಷಿ ಬೇಡ ಅಂದರು, ಕ್ಲೈಮೆಂಟ್ ಕಡೆಯ ವಕೀಲರೇ ಕೇಸು ಬಿಟ್ಟರು. ಗಮನಿಸಬೇಕಾದದ್ದು, ಅವನು ರೋಜರ್ ಅಲ್ಲ ಅಂತ ಅಲ್ಲಿ ತೀರ್ಪು ಬರಲಿಲ್ಲ. ಡ್ರಾಫ್ಟು ‘ದಿ ಕೋರ್ಟ್ ಡಿಕ್ಲೇರ್ಡ್ ಹಿಮ್ ಆನ್ ಇಂಪೋಸ್ಟರ್’, ಅಂದರೆ ಕೋರ್ಟು ಅವನನ್ನು ಸೋಗುಗಾರ ಅಂತ ಸಾರಿತು ಅಂದಿತ್ತು. ತೆಗೆದೆವು. ಸುಳ್ಳು ಪ್ರಮಾಣದ ಆರೋಪದ ಮೇಲೆ ಅವನನ್ನು ಬಂಧಿಸಿದರು, ಜಾಮೀನಿನ ಮೇಲೆ ಹೊರಬಂದು ಊರೂರು ಸುತ್ತಿ ಸಭೆಗಳಲ್ಲಿ ಮಾತಾಡಿದ. ಬಡವನ ಹಕ್ಕನ್ನು ದೊಡ್ಡವರು ಕಸಿಯುತ್ತಿದ್ದಾರೆ ಅಂತ ದುಡಿಯುವ ಜನ ಅವನ ಬೆನ್ನಿಗೆ ನಿಂತರು. ಆ ಸಭೆಗಳಿಗೆ ‘ಪ್ರೊಕ್ಲೇಮ್ಡ್’ ಸರಿಹೋಗುತ್ತದೆ, ಅದು ನೆರೆದ ಜನರ ಮುಂದೆ ಸಾರುವ ಪದ.

ಕ್ರಿಮಿನಲ್ ವಿಚಾರಣೆ ಶುರುವಾದ ಕೂಡಲೇ ಮಾತಾಡುವ ಪಕ್ಷ ಬದಲಾಯಿತು. ಇಲ್ಲಿಯವರೆಗೆ ನಾನು ರೋಜರ್ ಅಂತ ಅವನು ತೋರಿಸಬೇಕಿತ್ತು. ಈಗ ಇವನು ರೋಜರ್ ಅಲ್ಲ, ಲಂಡನ್ನಿನ ವಾಪಿಂಗ್ ಪ್ರದೇಶದ ಮಾಂಸದಂಗಡಿಯವನ ಮಗ ಆರ್ಥರ್ ಆರ್ಟನ್ ಅಂತ ಸರ್ಕಾರ ತೋರಿಸಬೇಕು. ಹಾಗಾಗಿ ಅನುಮಾನದ ಕ್ರಿಯಾಪದ ಈಗ ಸರ್ಕಾರದ ಪಾಲಿಗೆ ಬರಬೇಕು: ‘ದಿ ಕ್ರೌನ್ ಅಲೆಜ್ಡ್ ದಟ್ ಹಿ ವಾಸ್ ಆರ್ಥರ್ ಆರ್ಟನ್.’ ಅಲೆಜ್ ಅಂದರೆ ಇನ್ನೂ ರುಜುವಾತಾಗದ ಆರೋಪ, ನಮ್ಮ ‘ಎನ್ನಲಾದ’ದ ಹತ್ತಿರದ ನೆಂಟ. ಸರ್ಕಾರದ ಮಾತಿಗೆ ಅನುಮಾನದ ಪದ ಹಾಕಲು ಹುಡುಗಿಗೆ ಹಿಂಜರಿಕೆ. ಕಾನೂನು ಓದುವವಳು ನೀನು, ಆರೋಪ ಯಾರು ಮಾಡಿದರೂ ಆರೋಪವೇ ಅಲ್ವಾ ಅಂದೆ. ಕೇಸಿನ ಹೆಸರನ್ನೇ ನೋಡಿ, ಅದು ‘ರೆಜಿನಾ ವರ್ಸಸ್ ಕ್ಯಾಸ್ಟ್ರೋ’, ಅಂದರೆ ರಾಣಿಯ ಸರ್ಕಾರ ಒಂದು ಕಡೆ, ಕ್ಯಾಸ್ಟ್ರೋ ಇನ್ನೊಂದು ಕಡೆ. ಅವನು ಆಸ್ಟ್ರೇಲಿಯಾದಲ್ಲಿ ಇಟ್ಟುಕೊಂಡಿದ್ದ ಹೆಸರು. ರೋಜರೂ ಅಲ್ಲ, ಆರ್ಟನ್ನೂ ಅಲ್ಲ.

1874ರ ಫೆಬ್ರವರಿ 28ರಂದು ಜ್ಯೂರಿ ಅರ್ಧ ಗಂಟೆಯಲ್ಲೇ ಹೊರಬಂದು, ಅವನು ರೋಜರ್ ಅಲ್ಲ, ಆರ್ಥರ್ ಆರ್ಟನ್ ಅಂದರು. ಒಟ್ಟು 14 ವರ್ಷ ಶಿಕ್ಷೆ. ಜ್ಯೂರಿ ಮಾಡಿದ್ದಕ್ಕೆ ಇಂಗ್ಲಿಷಿನಲ್ಲಿ ಒಂದೇ ಸಣ್ಣ ಪದ ಸಾಕು, ‘ಫೌಂಡ್’, ಇಲ್ಲಿ ತೀರ್ಮಾನಿಸಿದರು ಅಂತ ಅರ್ಥ. ಈ ದಿನದಿಂದಾಚೆ ಮಾತ್ರ ಲೇಖನದಲ್ಲಿ ‘ಇಂಪರ್ಸನೇಟೆಡ್’, ‘ಪಾಸ್ಡ್ ಹಿಮ್‌ಸೆಲ್ಫ್ ಆಫ್ ಆಸ್’ ಬರಲು ಬಿಟ್ಟೆವು. ಮೊದಲನೆಯದು ನಿಜವಾಗಿ ಇದ್ದ ಒಬ್ಬ ವ್ಯಕ್ತಿಯ ಸೋಗು ಹಾಕುವುದು. ಎರಡನೆಯದರಲ್ಲಿ ಬೇರೆಯವರು ನಂಬಿ ಮೋಸಹೋದದ್ದೂ ಸೇರಿದೆ. ಪ್ಯಾರಿಸ್ಸಿನ ಭೇಟಿಯನ್ನು ನೆನೆದರೆ ಎರಡನೆಯದೇ ಹೆಚ್ಚು ಸರಿ.

1884ರಲ್ಲಿ ಬಿಡುಗಡೆ ಆಯಿತು. 1895ರಲ್ಲಿ ‘ದಿ ಪೀಪಲ್’ ಪತ್ರಿಕೆಯಿಂದ ಹಣ ಪಡೆದು, ನಾನು ಆರ್ಟನ್ನೇ ಅಂತ ಹೇಳಿಕೆ ಕೊಟ್ಟ. ಆಮೇಲೆ ಅದು ಸುಳ್ಳು ಅಂದ. ‘ಹಿ ಕನ್ಫೆಸ್ಡ್’ ಅಂದರೆ ಹೇಳಿದ್ದು ನಿಜ ಅಂತ ಬರೆಯುವವರೂ ಒಪ್ಪಿದ ಹಾಗೆ. ಹಣಕ್ಕೆ ಕೊಟ್ಟು ವಾಪಸ್ ಪಡೆದ ಮಾತಿಗೆ ಅಷ್ಟು ಗೌರವ ಬೇಡ ಅನ್ನಿಸಿತು. ‘ಸೋಲ್ಡ್ ಎ ಕನ್ಫೆಷನ್, ವಿಚ್ ಹಿ ಲೇಟರ್ ರಿಟ್ರಾಕ್ಟೆಡ್’ ಅಂತ ಮುಗಿಸಿದೆವು. 1898ರ ಏಪ್ರಿಲ್ 1ರಂದು ಬಡತನದಲ್ಲಿ ತೀರಿಕೊಂಡ. ಅವನ ಶವಪೆಟ್ಟಿಗೆಯ ಮೇಲೆ ಸರ್ ರೋಜರ್ ಚಾರ್ಲ್ಸ್ ಡೌಟಿ ಟಿಚ್‌ಬೋರ್ನ್ ಅಂತ ಹೆಸರು ಹಾಕಲು ಆ ಮನೆತನವೇ ಅಡ್ಡಿ ಮಾಡಲಿಲ್ಲ. ಶವಪೆಟ್ಟಿಗೆಗೆ ‘ಬೋರ್ ದಿ ನೇಮ್’ (ಆ ಹೆಸರು ಹೊತ್ತಿತ್ತು) ಸಾಕು.

ಲೇಖನ ಅಚ್ಚಿಗೆ ಹೋದ ಮೇಲೆ ಅವಳೇ ಮುಂದಿನ ವಿಷಯ ಹಿಡಿದುಕೊಂಡು ಬಂದಳು, ಬಂಗಾಳದ ಭವಾಲ್ ಸನ್ಯಾಸಿ ಪ್ರಕರಣ. 1909ರಲ್ಲಿ ಡಾರ್ಜಿಲಿಂಗಿನಲ್ಲಿ ಸತ್ತ ಅಂದುಕೊಂಡಿದ್ದ ಭವಾಲ್ ಜಮೀನ್ದಾರಿಯ ಎರಡನೇ ಕುಮಾರ ರಮೇಂದ್ರ ನಾರಾಯಣ ರಾಯ್, ಹನ್ನೆರಡು ವರ್ಷದ ಮೇಲೆ ಸನ್ಯಾಸಿಯಾಗಿ ಬಂದು ತಾನೇ ಅವನು ಅಂದ ಕಥೆ. ಸೋದರಿ ಜ್ಯೋತಿರ್ಮಯಿ ಒಪ್ಪಿದರು, ಹೆಂಡತಿ ವಿಭಾವತಿ ಒಪ್ಪಲಿಲ್ಲ. 1936ರಲ್ಲಿ ನ್ಯಾಯಾಧೀಶ ಪನ್ನಾಲಾಲ್ ಬಸು ಸನ್ಯಾಸಿಯ ಪರ ತೀರ್ಪು ಕೊಟ್ಟರು. ಕಲ್ಕತ್ತಾ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 1946ರಲ್ಲಿ ಆಗಿನ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ.

ಅಲ್ಲಿ ಯಾರಾದರೂ 1921ರಲ್ಲೇ ‘ಪ್ರಿಟೆಂಡೆಡ್’ ಅಂತ ಬರೆದಿದ್ದರೆ ಮೂರು ಕೋರ್ಟುಗಳೂ ಅವರ ವಿರುದ್ಧ ಹೋಗುತ್ತಿದ್ದವು. ‘ಕ್ಲೈಮ್ಡ್’ ಅಂತ ಬರೆದವರು ಒಂದಕ್ಷರವನ್ನೂ ತಿದ್ದಬೇಕಿರಲಿಲ್ಲ. ತೀರ್ಪಿನ ನಂತರದ ಪುಟಗಳಲ್ಲಿ ಸೋದರಿಗೆ ‘ರೆಕಗ್ನೈಸ್ಡ್’ ಬಳಸಬಹುದಲ್ಲ ಅಂತ ಕೇಳಿದಳು. ಬಳಸಬಹುದು, ಕೋರ್ಟು ಅಷ್ಟು ಅವಕಾಶ ಕೊಟ್ಟಿದೆ ಅಂದೆ. ಹಾಗಾದರೆ ಹೆಂಡತಿಗೆ? ‘ರಿಫ್ಯೂಸ್ಡ್ ಟು ಅಕ್ನಾಲೆಜ್’ ಅಂತ ಬರೆದಿದ್ದಳು. ಗೊತ್ತಿದ್ದೂ ಒಪ್ಪಲಿಲ್ಲ ಅನ್ನುವ ದೂರು ಅದರೊಳಗಿದೆ. ಪತಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡರು ಅಂತಲೇ ಆಕೆ ಕೊನೆಯವರೆಗೆ ಹೇಳಿದರು. ಆಕೆಯ ಮನಸ್ಸಿನಲ್ಲಿ ಏನಿತ್ತು ಅನ್ನುವುದು ನಮಗೆ ಕಾಣುವುದಿಲ್ಲ. ಅವಳೇ ಅದನ್ನು ಹೊಡೆದುಹಾಕಿ ‘ಡಿನೈಡ್ ದಟ್ ಹಿ ವಾಸ್ ಹರ್ ಹಸ್ಬೆಂಡ್’ ಅಂತ ಬರೆದಳು.